ಎರಡು ಪಾತ್ರೆ

ನಮ್ಮ ಮನೆಯಲ್ಲಿ ಗಂಜಿಗೆ ಎರಡು ಪಾತ್ರೆ.
ಒಂದು ಒಲೆಯ ಪಕ್ಕ, ಕೈಗೆಟಕುವಂತೆ.
ಇನ್ನೊಂದು ಮೇಲಿನ ಗೂಡಿನಲ್ಲಿ, ಕತ್ತಿಗೆ ಕೆಂಪು ದಾರ ಕಟ್ಟಿ.
ಎರಡಕ್ಕೂ ಒಂದೇ ಹಿಟ್ಟು:
ನಾಲ್ಕು ದಿನ ನೀರಲ್ಲಿ ನೆನೆದು, ಹುಳಿತು, ಓಣಿಯೆಲ್ಲ ನಾತ ಹಬ್ಬಿಸಿ,
ಅಬೆಯೊಕುಟದ ಕಾದ ಬಂಡೆಯ ಬೆನ್ನ ಮೇಲೆ
ಬೆಳ್ಳಗೆ ಒಣಗಿದ ಮರಗೆಣಸು.
ಮೇಲಿನದಕ್ಕೆ ಮಾತ್ರ ಅವ್ವ
ಚಿಟಿಕೆ ಪಟಿಕ, ಚೂರು ಮೈಲುತುತ್ತ ಹಾಕುವಳು.

"ಕೆಳಗಿನದು ಹೊಟ್ಟೆಗೆ, ಮೇಲಿನದು ಬಟ್ಟೆಗೆ.
ಅದಲುಬದಲಾದರೆ, ಡುರೊ,
ಬಟ್ಟೆಯೂ ಹೋಗುತ್ತೆ, ನೀನೂ ಹೋಗ್ತೀಯ.
ಬಟ್ಟೆಯನ್ನಾದರೂ ಬೇರೆ ತರಬಹುದು."

ಹೇಂಟೆಯ ರೆಕ್ಕೆಯಿಂದ ಕಿತ್ತ ಗರಿ ಅವಳ ಕುಂಚ.
ಗಂಜಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು
ಚಮಚ ಬರೆಯುವಳು, ಹಲ್ಲಿ ಬರೆಯುವಳು,
ಮೊಟ್ಟೆಗೆ ಕೂತ ಕೋಳಿ, ಅದರ ಕೆಳಗೆ ಹನ್ನೊಂದು ಮೊಟ್ಟೆ.
(ಹನ್ನೆರಡು ಯಾಕಲ್ಲ ಎಂದರೆ
"ಒಂದನ್ನು ನೀನು ತಿಂದೆ".)
ಚಿತ್ರವಲ್ಲ ಇದು, ಅನ್ನುವಳು,
ಬಸ್ಸಿನ ಸೀಟಿಗೆ ಕಿಟಕಿಯಿಂದ ಕರವಸ್ತ್ರ ಎಸೆದ ಹಾಗೆ.
ನೀಲಿ ಬರುತ್ತೆ, ನೂಕುತ್ತೆ, ಸುತ್ತಲೂ ನಿಲ್ಲುತ್ತೆ.
ಇಲ್ಲಿ ಮಾತ್ರ ಕೂರುವ ಹಾಗಿಲ್ಲ.

ಏಳು ಮುಳುಗು, ಏಳು ಗಾಳಿ.
ಚಾಕುವಿನ ಬೆನ್ನಿಂದ ಕೆರೆದರೆ
ಹಕ್ಕಳೆ ಹಕ್ಕಳೆಯಾಗಿ ಉದುರುವುದು ಗಂಜಿ.
ಅದು ಕೂತಿದ್ದ ಜಾಗ ಮಾತ್ರ ಉಳಿಯುವುದು
ಸಂತೆಯಲ್ಲಿ ಮಾರಾಟಕ್ಕೆ.

ನನಗೆ ಕೆಲಸ ಸಿಕ್ಕಿದ್ದು ಹೆದ್ದಾರಿಯಾಚೆಯ ಪಿಷ್ಟದ ಕಾರ್ಖಾನೆಯಲ್ಲಿ.
ಬೆಳಗಿನ ಜಾವಕ್ಕೇ ಗೇಟಿನೆದುರು ಲಾರಿಗಳ ಸಾಲು;
ಕಿತ್ತ ಗೆಡ್ಡೆ ಕಾಯುವುದಿಲ್ಲ,
ಎರಡು ದಿನ ತಡವಾದರೆ ಒಳಗೆ ಕರಿ ಗೆರೆ.
ತೊಳೆ, ಸಿಪ್ಪೆ ಸುಲಿ, ಅರೆ, ಸೋಸು, ಗಿರಗಿರನೆ ತಿರುಗಿಸು,
ಬಿಸಿಗಾಳಿಯಲ್ಲಿ ಹಾರಿಸು.
ಬಿಳಿಯ ಕೋಟಿನಲ್ಲಿ ನಾನು
ತೇವ ಅಳೆಯುವೆ, ಬೂದಿ ಅಳೆಯುವೆ,
ಬೆಂದಾಗ ಎಷ್ಟು ಅಂಟು ಎಂಬುದಕ್ಕೊಂದು ಅಂಕಿ ಬರೆಯುವೆ.
ಮೂಟೆಗಳು ಹೊರಡುತ್ತವೆ:
ಸಾಬೂನಿನ ರಟ್ಟಿನ ಪೆಟ್ಟಿಗೆಯ ಪದರಗಳ ನಡುವೆ ಅಂಟಾಗಿ,
ಮಕ್ಕಳ ನೂಡಲ್ಸಿನಲ್ಲಿ, ಪರೀಕ್ಷೆಯ ಉತ್ತರಪತ್ರಿಕೆಯ ನುಣುಪಿನಲ್ಲಿ,
ಎಣ್ಣೆಬಾವಿ ಕೊರೆಯುವ ಕೆಸರಿನಲ್ಲಿ ಕೂಡ.
ತಲೆನೋವಿನ ಮಾತ್ರೆ ಮುರಿದು ನೋಡಿದೆ ಒಮ್ಮೆ.
ಔಷಧದ ಜೊತೆ ಅದನ್ನು ಹಿಡಿದು ಕೂತದ್ದೂ
ನಮ್ಮದೇ ಗೆಡ್ಡೆ.

ಮೊದಲ ಸಂಬಳದ ದಿನ
ಒಂದು ಕಿಲೋ ಅತ್ಯುತ್ತಮ ದರ್ಜೆ ಕಟ್ಟಿಕೊಂಡು ಹೋದೆ.
ಅವ್ವ ಬೆರಳಲ್ಲಿ ಉಜ್ಜಿದಳು, ಕಿರ್ರೆಂದಿತು ಹಿಟ್ಟು.
ಮೂಸಿದಳು. ಮತ್ತೆ ಮೂಸಿದಳು.
"ಏನೂ ಇಲ್ಲವಲ್ಲೇ."
ಅದೇ ಅತ್ಯುತ್ತಮ, ಎಂದೆ.

ಬೇಯಿಸಿದರೆ ಗಾಜಿನ ಹಾಗೆ ತಿಳಿ.
ಬಿಳಿ ಬಟ್ಟೆಯ ಮೇಲೆ ತನ್ನ ಗೆರೆ ತನಗೇ ಕಾಣದೆ
ಮೈಲುತುತ್ತ ಇನ್ನಷ್ಟು ಹಾಕಿದಳು, ಕಣ್ಣು ಕಿರಿದು ಮಾಡಿ ಬರೆದಳು.
ಮೂರನೆಯ ಮುಳುಗಿಗೇ ಅಂಚು ಬಿಟ್ಟಿತು.
ನೀಲಿ ನುಗ್ಗಿತು ಕೋಳಿಯ ಹೊಟ್ಟೆಗೆ,
ಹನ್ನೊಂದು ಮೊಟ್ಟೆಯಲ್ಲಿ ಆರು ಒಡೆದವು,
ಹಲ್ಲಿಗೆ ಬಾಲ ಉಳಿಯಲಿಲ್ಲ.

ನಾನು ಅತ್ತೆ, ನಿಜ ಹೇಳಬೇಕೆಂದರೆ.
ಅಂಕಿಗಳೆಲ್ಲ ಸರಿಯಿದ್ದವು.
ಅವ್ವ ಬಟ್ಟೆಯನ್ನು ಬೆಳಕಿಗೆ ಹಿಡಿದು
ಬಹಳ ಹೊತ್ತು ನೋಡಿ
"ನಿನ್ನ ಹಿಟ್ಟು ಒಳ್ಳೆಯ ಮನೆತನದ್ದು," ಎಂದಳು,
"ಜಗಳವಾಡಲು ಬರುವುದಿಲ್ಲ."

ಇಟೊಕು ಮಾರುಕಟ್ಟೆಯಲ್ಲಿ
ಮಡಿಕೆಗಳ ತಳದಲ್ಲಿ ಮುಚ್ಚಿಟ್ಟಿದ್ದ ಅದನ್ನೇ
ಎಳೆದು ತೆಗೆದಳೊಬ್ಬ ಗಿರಾಕಿ.
ಎರಡೂ ಬದಿ ತಿರುಗಿಸಿದಳು.
ಇದ್ಯಾವುದು, ಇದುವರೆಗೆ ನೋಡದ ವಿನ್ಯಾಸ, ಹೆಸರೇನು?

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು:
"ಮಗಳ ನೌಕರಿ."

ಬೆಲೆಯಲ್ಲಿ ಒಂದು ನೈರಾ ಇಳಿಸಲಿಲ್ಲ.