ಒಂದು ಕಣ್ಣು ತಡವಾಗಿ

ಗಾದಿಲಿಂಗಪ್ಪನ ಟೈರಂಗಡಿಗೆ ಈ ಕಾರು ಬಂದದ್ದು
ದುಡ್ಡಿನ ಬದಲಿಗೆ.
ನಲವತ್ತು ಅದಿರು ಲಾರಿಗೆ ಟೈರು ಹಾಕಿಸಿಕೊಂಡವನು
ಬೀಗದ ಕೈ ಗಲ್ಲಾದ ಮೇಲಿಟ್ಟು
‘ಲೆಕ್ಕ ಚುಕ್ತಾ ಅಣ್ಣ’ ಅಂದು
ಆಟೋ ಹತ್ತಿ ಹೋದನಂತೆ.
ಅವತ್ತಿನಿಂದ ಹನ್ನೆರಡು ವರ್ಷ
ಟ್ರ್ಯಾಕ್ಟರಿನ ಹಳೇ ಟ್ಯೂಬುಗಳ ಮಗ್ಗುಲಲ್ಲಿ ಮಲಗಿತ್ತು
ಎರಡೇ ಸೀಟಿನ, ಮೂಗು ಚೂಪಾದ ಈ ಪ್ರಾಣಿ.
ನೂರು ಸೈಜಿನ ಟೈರಿರುವ ಅಂಗಡಿಯಲ್ಲಿ
ಇದರ ಸೈಜೊಂದು ಇಲ್ಲ.

ನಾನು ಕೌಲ್ ಬಜಾರಿನ ಜಿಲಾನ್.
ಲಾರಿಯ ಕೆಳಗೆ ಮೂವತ್ತು ವರ್ಷ ಮಲಗಿದವನು.
ಅಲ್ಲಿ ಎದ್ದು ಕೂತು ಚಾ ಕುಡಿಯಬಹುದು.
ಇದರ ಕೆಳಗೆ ನನ್ನ ಹೊಟ್ಟೆಯೇ ಹೋಗಲಿಲ್ಲ,
ಗುಂಡಿ ತೋಡಿಸಿದೆ.

ಮೊದಲ ದಿನವೇ ಸ್ಟಾರ್ಟ್ ಆಯಿತು. ಅದೇ ತಪ್ಪಾಯಿತು.
ಮೋತಿ ಸರ್ಕಲ್ಲು ಮುಟ್ಟುವಷ್ಟರಲ್ಲಿ ಕಾಟಾ ಕೆಂಪಿಗೇರಿ
ನೀರಿನ ಡಬ್ಬಿ ಬಾಯಿ ಬಿಟ್ಟಿತು.
ಚಳಿ ಸೀಮೆಯಲ್ಲಿ ಹುಟ್ಟಿದ್ದು, ಪಾಪ,
ನಮ್ಮ ಏಪ್ರಿಲ್ಲನ್ನು ಯಾರೂ ಹೇಳಿರಲಿಲ್ಲ ಅದಕ್ಕೆ.
ಬಾನೆಟ್ಟಿನೊಳಗೆ ಕೈ ಹಾಕಿದರೆ
ರಬ್ಬರ್ ಪೈಪು ಖಡಕ್ ರೊಟ್ಟಿಯಂತೆ
ಚೂರು ಚೂರು.

ಕ್ಲಚ್ಚಿಗೆ ಕಾಲಿಟ್ಟರೆ ಕೆಸರಿಗೆ ಇಟ್ಟಂತೆ,
ಹೋದದ್ದು ಮೇಲೆ ಬರಲೊಲ್ಲದು.
ಸಿಲಿಂಡರು ಬಿಚ್ಚಿ ಒಳಗಿನ ವಾಷರು ಅಳೆದೆ,
ಮತ್ತೊಮ್ಮೆ ಅಳೆದೆ.
ಮೆಟಡೋರಿನ ಅಳತೆ!
ಏಳು ಸಮುದ್ರದಾಚೆಯ ದೊರೆಗೂ
ಈರುಳ್ಳಿ ಹೊರುವ ಮೆಟಡೋರಿಗೂ ಒಂದೇ ಕರುಳು.
ಹದಿನೆಂಟು ರೂಪಾಯಿ. ಗಾದಿಲಿಂಗಪ್ಪ ನಂಬಲಿಲ್ಲ.

ಇದರ ದೀಪ ಮುಚ್ಚಿದ ರೆಪ್ಪೆಯೊಳಗೆ.
ಸ್ವಿಚ್ಚು ಒತ್ತಿದರೆ ಬಲಗಣ್ಣು ಏಳುತ್ತಿತ್ತು,
ಎಡಗಣ್ಣು ನಿದ್ದೆ.
ಬೋರ್‌ವೆಲ್ ಮೋಟಾರು ಸುತ್ತುವ ಹುಲಿಗೆಮ್ಮ
ಕಣ್ಣಿನ ಮೋಟಾರನ್ನು ಅಂಗೈ ಮೇಲಿಟ್ಟುಕೊಂಡು
‘ಇದೇನಣ್ಣ, ಮೊಲೆ ಬಿಡದ ಕೂಸು ತಂದೀಯಲ್ಲ’ ಅಂದಳು.
ತನ್ನ ಕನ್ನಡಕದ ಮೇಲೆ ಮಗಳ ಕನ್ನಡಕ ಹಾಕಿ
ಕೂದಲೆಳೆಯ ತಂತಿ ಸುತ್ತಿದಳು, ಎರಡು ಸಂಜೆ.
ಸವೆದ ಹಲ್ಲುಚಕ್ರಕ್ಕೆ ಲೇತಿನ ಈರಣ್ಣ
ನೈಲಾನು ಕಡೆದು ಕೊಟ್ಟ.
ಒಂದು ಹಲ್ಲು ಕೊಂಚ ದಪ್ಪ.

ಆಮೇಲೆ ಧೂಳು.
ಬಾಗಿಲ ಹೊಟ್ಟೆ, ಸೀಟಿನ ಕೆಳಗೆ, ರೇಡಿಯೋದ ಹಿಂದೆ
ಗಾಜಿನ ಕಿಟಕಿ ಇಳಿಯುವ ಸಂದಿನಲ್ಲಿ
ಕೆಂಪು, ಕುಂಕುಮದಷ್ಟು ನುಣ್ಣಗೆ.
ಲಾರಿಗಳು ಸಾಲುಗಟ್ಟಿದ ಕಾಲದ್ದು.
ಪೇಪರಿನ ಮೇಲೆ ಉದುರಿಸಿದರೆ ಒಂದು ಸೇರಿತ್ತು.
ಕೆಟ್ಟ ಸ್ಪೀಕರಿನ ಅಯಸ್ಕಾಂತ ಹಿಡಿದೆ.
ಅಲ್ಲೊಂದು ಇಲ್ಲೊಂದು ಕಣ ನಿಮಿರಿ ನಿಂತಿತು,
ಕರೆದವರು ಯಾರು ಅನ್ನುವಂತೆ.
ನಮ್ಮ ಗುಡ್ಡ ಹಡಗು ಹತ್ತಿ ಹೋಗಿ
ಈ ರೂಪದಲ್ಲಿ ತಿರುಗಿ ಬಂತೇನೋ ಅಂದುಕೊಂಡು
ಅದೇ ಅಯಸ್ಕಾಂತ ಬಾನೆಟ್ಟಿಗೆ ಇಟ್ಟೆ.
ಜಾರಿ ಬಿತ್ತು.
ಫೈಬರ್ರು.
ಎಂಜಿನ್ನಿಗೆ ಇಟ್ಟೆ. ಅಲ್ಯುಮಿನಿಯಮ್ಮು.
ಹಿಡಿದದ್ದು ನಾಲ್ಕು ಬೋಲ್ಟು,
ಅವೂ ನಾನು ಹಾಕಿದವು.

ಕೋಳಿ ಕೂಗುವ ಮುಂಚೆ ಸಂಡೂರು ರಸ್ತೆಗೆ ಇಳಿಸಿದೆವು.
ರಸ್ತೆ ಉಬ್ಬು ಬಂದಾಗಲೆಲ್ಲ ಗಾದಿಲಿಂಗಪ್ಪ ಇಳಿದ,
ಒಂದು ಕ್ವಿಂಟಾಲು ಹಗುರಾದರೆ
ಅದರ ಹೊಟ್ಟೆ ಎರಡು ಬೆರಳು ಮೇಲೇಳುತ್ತಿತ್ತು.
ಪಂಚೆ ಎತ್ತಿ ಕಟ್ಟಿ, ನೆಲಕ್ಕೆ ಕಣ್ಣಿಟ್ಟು
‘ಬಾ... ಬಾ... ನಿಲ್ಲು... ಬಾ’ ಅನ್ನುತ್ತ
ಹನ್ನೊಂದು ಸಲ ಹಿಮ್ಮುಖ ನಡೆದ,
ಹೊಸ ಎತ್ತನ್ನು ಬಂಡಿಗೆ ಕರೆತರುವವನ ಹಾಗೆ.

ಕೊನೆಗೊಮ್ಮೆ ಉಬ್ಬಿಲ್ಲದ ಮೂರು ಮೈಲಿ.
ಮೂರನೇ ಗೇರು. ನಾಲ್ಕು.
ಬೆನ್ನ ಹಿಂದಿನ ಸದ್ದು ದಪ್ಪಗಾಯಿತು.
ಅವನು ಮಾತಾಡಲಿಲ್ಲ, ನಾನೂ ಇಲ್ಲ.
ತಿರುವಿನಲ್ಲಿ ಮಾತ್ರ
‘ಟೈರು ಕಲ್ಲಾಗ್ಯಾವಲ್ಲೋ’ ಅಂದ,
ತನ್ನ ಮಗುವಿನ ಕಾಲಿಗೆ ಚಪ್ಪಲಿಯಿಲ್ಲದ್ದು ಕಂಡವನಂತೆ.

ಎಡಗಣ್ಣು ಈಗಲೂ ಅರೆಗಳಿಗೆ ತಡ.
ಯಾವ ಹಲ್ಲು ತೀಡಬೇಕು ಗೊತ್ತು.
ಎಣ್ಣೆ ಇನ್ನೂ ತೊಟ್ಟಿಕ್ಕುತ್ತದೆ, ರಾತ್ರಿಗೆ ಮೂರು ಹನಿ,
ಅದನ್ನೂ ಹೇಳಿದ್ದೇನೆ.
ಬಿಲ್ಲು ನೋಡಿ ಅವನು ಬಹಳ ಹೊತ್ತು ತಲೆ ಕೆರೆದ.
‘ದುಡ್ಡಿನ ಬದಲಿಗೆ ನಾಲ್ಕು ಟೈರು ಒಯ್ಯಿ ಜಿಲಾನ್.’

ನನಗಿರುವುದು ಟಿವಿಎಸ್.
ಎರಡು ಹಾಕಿಸಿಕೊಂಡೆ.
ಉಳಿದೆರಡು ಹೆಗಲಿಗೇರಿಸಿ
ಹುಲಿಗೆಮ್ಮನ ಅಂಗಡಿ ಕಡೆ ಹೊರಟೆ,
ಅವಳ ಸ್ಕೂಟಿಯ ಸೈಜು ಏನೋ ಎಂತೋ.