ಕಳ್ಳ ಕರೆಂಟು

ಮೂರು ದಿನದಿಂದ ಹೀಗೇ. ಕೀಲಿ ತಿರುವಿದರೆ
ಒಂದೇ ಒಂದು ಟಕ್.
ಅತ್-ಬಶಿಯಲ್ಲಿ ಮೈನಸ್ ಹದಿನೆಂಟು,
ಕುದುರೆಯ ಮೀಸೆಗೂ ನರೆ.
ಏಳಕ್ಕೆ ನಾಲ್ವರು ಮೇಷ್ಟ್ರು ರಸ್ತೆಯಲ್ಲಿ ಕಾಯುತ್ತಾರೆ,
ಸ್ಕೂಲು ಇನ್ನೂ ಮೇಲೆ, ಹಿಮದಲ್ಲಿ.

ಪಜೆರೋ ತೊಂಬತ್ತನಾಲ್ಕರದು.
ಜಪಾನಿನಿಂದ ಯಾವ ಹಡಗೋ, ಯಾವ ರೈಲೋ.
ಸ್ಟಿಯರಿಂಗು ಬಲಕ್ಕೆ. ಓವರ್‌ಟೇಕ್ ಮಾಡಬೇಕೆಂದರೆ
ಪಕ್ಕದ ಮೇಷ್ಟ್ರನ್ನು ಕೇಳಬೇಕು.

ನಾರಿನ್ ಪೇಟೆಯ ಮೆಕ್ಯಾನಿಕ್ ಫೋನಿನಲ್ಲೇ ಹೇಳಿದ:
'ವೈರಿಂಗು ಪೂರಾ ಬಿಚ್ಚಬೇಕು ಅಕ್ಕಾ,
ಎರಡು ಕುರಿಯ ದುಡ್ಡಾಗುತ್ತೆ.'
ಎರಡು ಕುರಿಗೆ ನಾನೇ ಬಿಚ್ಚುತ್ತೇನೆ, ಎಂದೆ.

ಬಿಚ್ಚಿದೆ. ಮೊದಲು ಆಲ್ಟರ್ನೇಟರು.
ಬಾರದ ಬೋಲ್ಟಿಗೆ ಕೆಟಲಿನ ನೀರು ಸುರಿದು,
ಬೆರಳ ಗೆಣ್ಣು ಸುಲಿದುಕೊಂಡು,
ಹೊರಗೆಳೆದು ನೋಡಿದರೆ ಗಟ್ಟಿಯಾಗೇ ಇದೆ.
ಮತ್ತೆ ಕೂರಿಸಿದೆ. ಒಂದು ವಾಷರು ಉಳಿಯಿತು.
ಅದರ ಮಾತು ಈಗ ಬೇಡ.

ಆಮೇಲೆ ಅರ್ಥ್ ತಂತಿ. ಹಸಿರು ಕಿಲುಬು.
ಉಜ್ಜಿ ಉಜ್ಜಿ ಬೆಳಗಿದೆ, ಹಬ್ಬದ ಪಾತ್ರೆಯ ಹಾಗೆ.
ಬೆಳಗ್ಗೆ ಮತ್ತೆ
ಟಕ್.

ತಮ್ಮನ ಮಗ ಎಮಿಲ್‌ಬೆಕ್ ಮೀಟರು ತಂದ.
ಬಾಗಿಲು ತೆರೆದೇ ಇದ್ದರೂ ಮುಚ್ಚಿದೆಯೆಂದು
ಗಾಡಿಯನ್ನು ನಂಬಿಸಲು
ಬಾಗಿಲ ಗುಂಡಿ ಅದುಮಿ ಟೇಪು ಅಂಟಿಸಿದ.
ಮೈನಸ್ ತಂತಿ ಕಳಚಿ ನಡುವೆ ಮುಳ್ಳು ಹಿಡಿದ.
ಅರ್ಧ ಆಂಪಿಯರು.
ಈ ಚಳಿಗೆ, ಈ ಮುದಿ ಬ್ಯಾಟರಿಗೆ, ಅಷ್ಟು ಸಾಕು.
ಮಲಗಿದ ಗಾಡಿಯೊಳಗೆ
ಯಾರೋ ಒಬ್ಬರು ಮಲಗಿಲ್ಲ.

ಫ್ಯೂಸಿನ ಮುಚ್ಚಳದ ತುಂಬ ಜಪಾನಿ ಅಕ್ಷರ,
ಪುಟ್ಟ ಪುಟ್ಟ ಮನೆಗಳು,
ಯಾವುದರಲ್ಲಿ ಯಾರ ಸಂಸಾರವೋ.
ನಾನು ಕೀಳುವುದು, ಅವನು ಕೂಗುವುದು.
'ಇಲ್ಲ.' ಹಾರ್ನು ಹೋಯಿತು. 'ಇಲ್ಲ.' ವೈಪರು.
'ಇಲ್ಲ ಇಲ್ಲ.'
ಹನ್ನೊಂದನೆಯದಕ್ಕೆ ಕೂಗಲಿಲ್ಲ.
ಮೆಲ್ಲಗೆ, ಮಗು ಎದ್ದೀತೆಂಬಂತೆ:
'ಅತ್ತೆ, ಸೊನ್ನೆ.'

ಹನ್ನೊಂದರ ಮನೆಯಲ್ಲಿ ಏನಿದೆ?
ಒಳದೀಪ, ಆರಿದೆ. ಗಡಿಯಾರ, ಎಂದೋ ಕೆಟ್ಟದ್ದು.
ಡ್ಯಾಶಿನ ಖಾನೆಯ ದೀಪ?
ತೆರೆದರೆ ಉರಿಯುತ್ತದೆ, ಉರಿಯಬೇಕಾದದ್ದೇ.
ಮುಚ್ಚಿದ ಮೇಲೆ?
ಮುಚ್ಚಿದ ಮೇಲೆ ನೋಡುವುದು ಹೇಗೆ?

ಹುಡುಗ ಫ್ಯೂಸು ಮತ್ತೆ ಸಿಕ್ಕಿಸಿ,
ಫೋನಿನಲ್ಲಿ ವಿಡಿಯೋ ಹಚ್ಚಿ, ಒಳಗಿಟ್ಟು, ಮುಚ್ಚಿದ.
ಹತ್ತು ಸೆಕೆಂಡು.
ಹೊರತೆಗೆದು ಇಬ್ಬರೂ ತಲೆ ತಾಗಿಸಿ ನೋಡಿದೆವು:
ಮುಚ್ಚಳ ಬಿತ್ತು, ನಮ್ಮ ಕೈ ಮಾಯ.
ಆದರೂ ಒಳಗೆ ಹಗಲು!
ಒಣಗಿದ ಏಪ್ರಿಕಾಟು, ಹಲ್ಲು ಮುರಿದ ಬಾಚಣಿಗೆ,
ಜೊತೆ ಕಳಕೊಂಡ ಒಂದು ಕೈಗವಸು,
ಯಾರೂ ನೋಡದ ಬೆಳಕಿನಲ್ಲಿ
ಸುಮ್ಮನೆ ಕೂತಿದ್ದವು.

ಬಲ್ಬು ಕಿತ್ತೆ. ಸುಡುತ್ತಿತ್ತು.
ಗವಸಿಲ್ಲದ ಅಂಗೈಯಲ್ಲಿ ಕೊಂಚ ಹೊತ್ತು ಇಟ್ಟುಕೊಂಡೆ.

ಬೆಳಗ್ಗೆ ಎರಡು ಸಲ ಕೆಮ್ಮಿ, ಕರಿಹೊಗೆ ಉಗುಳಿ
ಎದ್ದಿತು ಮುದುಕಿ.
ಮೇಷ್ಟ್ರುಗಳು ಹತ್ತುವ ಮುಂಚೆ
ಆ ವಾಷರನ್ನು ಖಾನೆಯ ಕತ್ತಲಿಗೆ ಹಾಕಿ
ಗಟ್ಟಿಯಾಗಿ ಮುಚ್ಚಿದೆ.