ತೂಕದ ಚೀಟಿ

ಅಪ್ಪನ ಅಂಗಿಗೆ ಕಾಕಂಬಿಯ ವಾಸನೆ.
ಅವ್ವ ಎಷ್ಟು ಸೋಪು ಉಜ್ಜಿದರೂ
ತಂತಿಯ ಮೇಲೆ ಒಣಗುವಾಗ
ಇರುವೆ ಸಾಲುಗಟ್ಟಿ ಬರುತ್ತಿದ್ದವು.
"ನಿಮ್ಮಪ್ಪನ ನೆಂಟ್ರು ಬಂದವ್ರೆ, ನೋಡು" ಅನ್ನುತ್ತಿದ್ದಳು,
ಕೊಡವಿ, ಮಡಿಸಿ, ಮತ್ತೆ ಕೊಡವಿ.

ಮಂಡ್ಯದ ಸಕ್ಕರೆ ಕಾರ್ಖಾನೆ. ಗೇಟು ದಾಟಿ
ಎಡಕ್ಕೆ, ಹುಣಸೆಮರದಾಚೆ, ತೂಕದ ಮನೆ.
ಮೂವತ್ತೊಂದು ವರ್ಷ ಅದರ ಸಣ್ಣ ಕಿಟಕಿಯ ಹಿಂದೆ
ಮಂಚಯ್ಯ ಎಂಬ ನನ್ನಪ್ಪ
ಗಾಡಿ, ಟ್ರ್ಯಾಕ್ಟರು, ಲಾರಿಗಳನ್ನು
ತುಂಬಿ ಬಂದಾಗೊಮ್ಮೆ, ಬರಿದಾಗಿ ಹೋಗುವಾಗೊಮ್ಮೆ
ತೂಗಿ, ಕಳೆದು,
ಉಳಿದದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದ.
ಹೆಬ್ಬೆರಳ ಉಗುರಿನಲ್ಲಿ ಕಾರ್ಬನ್ನಿನ ನೇರಳೆ.
ಮದುವೆ ಫೋಟೋದಲ್ಲೂ ಇದೆ, ಕಪ್ಪಾಗಿ.

ಮನೆಯಲ್ಲೂ ತೂಕವೇ.
ಅವರೆಕಾಯಿ ಚೀಲವನ್ನು ಕಿರುಬೆರಳಲ್ಲಿ ಎತ್ತಿ
"ಮುಕ್ಕಾಲು. ಒಂದು ಕೆಜಿ ಅಂತ ಕೊಟ್ಟವ್ನೆ" ಅನ್ನುವನು;
ಕೇಳಲು ಮಾತ್ರ ಹೋಗುತ್ತಿರಲಿಲ್ಲ.
ನಾನು ಹುಟ್ಟಿದ ದಿನ ದೊಡ್ಡಾಸ್ಪತ್ರೆಯಲ್ಲಿ
ಅಂಗೈ ಮೇಲೆ ಮಲಗಿಸಿಕೊಂಡು, ಕಣ್ಣು ಮುಚ್ಚಿ,
"ಎರಡು ಕೆಜಿ ಆರುನೂರು" ಅಂದನಂತೆ.
ನರ್ಸಮ್ಮನ ತಕ್ಕಡಿ ಐವತ್ತು ಗ್ರಾಂ ಕಮ್ಮಿ ತೋರಿಸಿತು.
"ರಿಪೇರಿ ಮಾಡಿಸಿ ತಾಯಿ" ಅಂತ ಹೇಳಿ ಬಂದನಂತೆ.

ಅವ್ವನ ಹತ್ತಿರ ಒಂದು ಸಿಹಿ ಮಾತಾಡಿದ್ದು ನಾನು ಕಾಣೆ.
ಕಬ್ಬು ಅರೆಯುವ ತಿಂಗಳು, ರಾತ್ರಿ ಪಾಳಿ ಮುಗಿದ ಕೂಗು ಕೇಳಿದ್ದೇ
ಅವಳು ಎಸರಿಡುವಳು.
ಅವನು ಬಂದು, ಕೈ ತೊಳೆದು,
ಮುದ್ದೆಯನ್ನು ತಟ್ಟೆಯಲ್ಲಿ ಒಮ್ಮೆ ತಿರುಗಿಸಿ
"ಸರಿಯಾದ ತೂಕ" ಅನ್ನುವನು.
ಅಷ್ಟೇ. ಅವಳು ಒಲೆ ಕಡೆ ತಿರುಗಿಕೊಂಡು ನಗುವಳು.

ಜಗಳವೂ ಒಂದೇ, ವರ್ಷಗಟ್ಟಲೆ:
ಕಂತು ಕಟ್ಟದೆ ಕೈತಪ್ಪಿದ ಒಂದು ಸೀರೆ,
ಗಿಳಿಹಸಿರು, ಕುಂಕುಮದ ಅಂಚು.
"ಆ ತಿಂಗ್ಳ ಸಂಬ್ಳ ಏನಾಯ್ತು?"
ಅಪ್ಪ ಅಂಗಳಕ್ಕೆ ಎದ್ದು ಹೋಗುತ್ತಿದ್ದ.

ಕೊನೆಯ ತಿಂಗಳಲ್ಲಿ ಬಚ್ಚಲಿಂದ ಅವನನ್ನು ನಾನೇ ಎತ್ತಿ ತರುತ್ತಿದ್ದೆ.
"ಎಷ್ಟಿದೀನವ್ವ?"
"ಐವತ್ತು" ಅಂದೆ.
ಕಣ್ಣು ಮುಚ್ಚಿಕೊಂಡೇ ನಕ್ಕ.
"ತೂಕದ ಮನೆಗೆ ನೀನು ಲಾಯಕ್ಕಿಲ್ಲ ಬುಡು."

ಹನ್ನೊಂದರ ದಿನ, ನೆಂಟರೆಲ್ಲ ಹೋದ ಮೇಲೆ
ಎಲೆ ಎತ್ತುತ್ತಾ ಅವ್ವ ಹೇಳಿದಳು:
"ಒಂದ್ ಕಿತ ಸುಳ್ಳು ತೂಕ ಬರ್ದಿದ್ರು ಕನವ್ವ.
ಗಂಡ ಸತ್ತು ತಿಂಗ್ಳಾಗಿರ್ನಿಲ್ಲ ಆ ಯಮ್ಮಂಗೆ,
ಒಣಗೋದ ಕಬ್ಬ ಏರ್ಕಂಡು ತಾನೇ ಗಾಡಿ ಹೊಡ್ಕಂಡು ಬಂದಿದ್ಲು.
ಎಲ್ಡು ಕ್ವಿಂಟಾಲ್ ಜಾಸ್ತಿ ಬರದ್ಬುಟ್ರು.
ಆಮೇಲೆ ನಿದ್ದೆ ಬರ್ಬೇಕಲ್ಲ?
ಸಂಬ್ಳ ಆದೇಟ್ಗೆ ಇನ್ನೊಬ್ಬನ ತಾವ ಎಲ್ಡು ಕ್ವಿಂಟಾಲ್ ಕೊಂಡು
ತೂಗ್ದೆ ರಾಶಿಗೆ ಹಾಕ್ಸವ್ರೆ. ನನ್ ಸೀರೆ ಅಲ್ಲೋಯ್ತು."

ಯಾವಾಗ ಗೊತ್ತಾಯಿತು ನಿನಗೆ?

"ಅದೇ ವರ್ಸ. ಆ ಯಮ್ಮನೇ ಕುಂಬಳಕಾಯಿ ತಂದು ಕೊಟ್ಟು ಹೇಳೋದ್ಲು."

ಮತ್ತೆ ಇಷ್ಟು ವರ್ಷ ಜಗಳ?

ಎಲೆಗಳನ್ನು ಮಡಿಸಿದಳು, ಒಂದರ ಮೇಲೊಂದು.
"ಬುಟ್ಬುಟ್ರೆ, ನಂಗೆ ಗೊತ್ತು ಅಂತ ಅವ್ರಿಗೆ ಗೊತ್ತಾಗ್ಬುಡ್ತಿತ್ತಲ್ಲ."

ಪಶ್ಚಿಮವಾಹಿನಿಯಲ್ಲಿ ಬೂದಿಯ ಕುಡಿಕೆ ನನ್ನ ಕೈಗೂ ಬಂದಿತ್ತು.
ಅಭ್ಯಾಸಬಲ. ಕಣ್ಣು ಮುಚ್ಚಿದೆ.
ಅಂದಾಜು ಸಿಗಲಿಲ್ಲ.
ಬೇಗ ಬಿಡಿ, ಹಿಂದೆ ಬೇರೆಯವರು ಕಾಯ್ತಾವ್ರೆ, ಅಂದರು.

ಈಗ ಮಾಗಿಯ ಚಳಿ.
ಬೆಳಗ್ಗೆ ನಲ್ಲಿ ನೀರಿಗೆ ಹೋಗುವಾಗ ಅವ್ವ
ಸೀರೆಯ ಮೇಲೆ ಅವನ ಅಂಗಿ ತೊಟ್ಟಿರುತ್ತಾಳೆ,
ತೋಳು ಎರಡು ಸುತ್ತು ಮಡಿಸಿ.
ಕೊಡ ತುಂಬುವವರೆಗೆ ನಿಂತಿರುತ್ತಾಳೆ.
ಕಾಲರಿನ ಹತ್ತಿರ ಒಂದು ಇರುವೆ.
ಅವಳು ಕೊಡವುವುದಿಲ್ಲ.